ಬೀಗ ಹಾಕಿದ ಮನೆಗೆ ಒಂದು ಮಳೆಗಾಲ ಸಾಕು

ಮಾನ್ಯ ಸಂಪಾದಕರೇ,

ಎರಡು ವರ್ಷದಿಂದ ನಾನು ಪತ್ರಿಕೆಯನ್ನು ಹಿಂದಿನಿಂದ ಓದುತ್ತಿದ್ದೇನೆ. ಮೊದಲು ಸಣ್ಣ ಜಾಹೀರಾತು, ಆಮೇಲೆ ಮಿಕ್ಕ ಪುಟಗಳು. ನಮ್ಮ ಜಿಲ್ಲೆಯ ಪುಟದಲ್ಲಿ ಆಗಾಗ ಒಂದು ಸಾಲು ಕಣ್ಣಿಗೆ ಬೀಳುತ್ತದೆ: ‘ಹಳೆಯ ಹೆಂಚಿನ ಮನೆ, ಮರಮಟ್ಟು ಸಹಿತ ಕೊಡುವುದಿದೆ’. ಪೇಟೆಯವರಿಗೆ ಇದು ಮನೆ ಮಾರಾಟದ ಜಾಹೀರಾತು ಅನ್ನಿಸಬಹುದು. ನಮ್ಮ ಕಡೆಯವರಿಗೆ ಗೊತ್ತು, ಅದು ಮನೆ ಬಿಚ್ಚಿ ಕೊಡುವ ಜಾಹೀರಾತು. ಕಂಬ ಒಬ್ಬರಿಗೆ, ಬಾಗಿಲು ಇನ್ನೊಬ್ಬರಿಗೆ, ಹೆಂಚು ಯಾರದೋ ಕೊಟ್ಟಿಗೆಗೆ. ಆ ಸಾಲು ನಮ್ಮ ಮನೆಯ ಪಾಲಿಗೂ ಬರುವುದರಲ್ಲಿತ್ತು. ಹೇಗೆ ಬಂತು, ಹೇಗೆ ತಪ್ಪಿತು ಅನ್ನುವುದನ್ನು ಬರೆದರೆ ಊರಲ್ಲಿ ಮನೆಗೆ ಬೀಗ ಹಾಕಿ ಬಂದು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಕೂತವರಿಗೆ ಉಪಯೋಗವಾದೀತು ಎಂದು ಈ ಪತ್ರ. ಉದ್ದವಾಯಿತೆಂದರೆ ಕತ್ತರಿಸಿಕೊಳ್ಳಿ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು, ಚಿಕ್ಕದಾಗಿ ಹೇಳುವುದು ನನಗೆ ಬರುವುದಿಲ್ಲ.

ನಮ್ಮ ತವರುಮನೆ ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿದೆ. ಕಟ್ಟಿದವರು ಅಜ್ಜ. ಅಜ್ಜನ ಮೂಲ ಊರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಊರು ಖಾಲಿ ಮಾಡಬೇಕಾಗಿ ಬಂದಾಗ, ಹಳೆ ಮನೆಯ ಎರಡು ಹಲಸಿನ ಕಂಬ, ಹೆಬ್ಬಾಗಿಲಿನ ದಾರಂದ (ಬಾಗಿಲ ಚೌಕಟ್ಟು), ಬಚ್ಚಲಿನ ತಾಮ್ರದ ಹಂಡೆ ಇಷ್ಟನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರಂತೆ. ಈ ದಾರಂದದ ಹೊಸ್ತಿಲಿನ ಬಲಗಡೆ ಒಂದು ತಗ್ಗಿದೆ. ಹಳೆಯ ಮನೆಯಲ್ಲಿ ಅಜ್ಜಿ ಅಡಿಕೆ ಕುಟ್ಟಿ ಕುಟ್ಟಿ ಆದದ್ದು ಎನ್ನುತ್ತಿದ್ದರು. ಅಂದರೆ ನಮ್ಮ ಹೆಬ್ಬಾಗಿಲು ನಮ್ಮ ಮನೆಗಿಂತ ಹಳೆಯದು. ಮಿಕ್ಕದ್ದೆಲ್ಲ ಮಲೆನಾಡಿನ ಯಾವ ಮನೆಯಲ್ಲೂ ಇರುವಂಥದ್ದೇ: ಜಗಲಿ, ನಡುಮನೆ, ದೇವರ ಮನೆ, ಅಡುಗೆ ಮನೆ, ಮೇಲೆ ಮೆತ್ತು, ಹಿಂದೆ ಬಚ್ಚಲು ಮನೆ, ಆಚೆ ಕೊಟ್ಟಿಗೆ. ಜಂಬಿಟ್ಟಿಗೆಯ ತಳಪಾಯ, ಮೇಲೆ ಮಣ್ಣಿನ ಗೋಡೆ, ಮಂಗಳೂರು ಹೆಂಚು.

ಅಮ್ಮ ತೀರಿಕೊಂಡದ್ದು 2024ರ ಫೆಬ್ರುವರಿಯಲ್ಲಿ. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ಮಕ್ಕಳು ಮೂವರು. ನಾನು ಶಿವಮೊಗ್ಗದ ವಿನೋಬನಗರದಲ್ಲಿ, ತಂಗಿ ಸಾಗರದಲ್ಲಿ, ತಮ್ಮ ಬೆಂಗಳೂರಿನಲ್ಲಿ. ಊರಿಗೆ ಹೋಗಿ ಇರುವವರು ಯಾರೂ ಇಲ್ಲ. ಮಾರುವುದೆಂದು ತೀರ್ಮಾನವಾಯಿತು. ‘ಒಂದು ಕೋಟ್ ಪೇಂಟ್ ಹೊಡೆಸಿ ಬೀಗ ಹಾಕೋಣ, ನೋಡೋಕೆ ಬಂದೋರಿಗೆ ಚಂದ ಕಾಣ್ಬೇಕು’ ಎಂದು ತಮ್ಮ ಏಪ್ರಿಲ್‌ನಲ್ಲಿ ಬಂದು ಜಗಲಿ, ನಡುಮನೆಯ ಗೋಡೆಗಳಿಗೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದ. ಅರವತ್ತು ವರ್ಷ ಸುಣ್ಣ ಮಾತ್ರ ಕಂಡ ಗೋಡೆ ಅದು. ಪೇಂಟ್ ಒಣಗಿದ ದಿನ ನನಗೂ ಚಂದವೇ ಕಂಡಿತು, ಸುಳ್ಳು ಹೇಳುವುದಿಲ್ಲ. ಮೇ ಎರಡನೇ ವಾರ ಕಿಟಕಿ ಬಾಗಿಲೆಲ್ಲ ಭದ್ರ ಮಾಡಿ ಬೀಗ ಹಾಕಿದೆವು. ಮೇನ್ ಸ್ವಿಚ್ ಆರಿಸಿದೆವು. ಕೀ ನನ್ನ ಹತ್ತಿರ.

ಮತ್ತೆ ಬೀಗ ತೆಗೆದದ್ದು ದೀಪಾವಳಿಗೆ.

ಹೆಬ್ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಂಡಿತ್ತು. ತಂಗಿಯ ಗಂಡ ಹೆಗಲು ಕೊಟ್ಟು ತಳ್ಳಿದ ಮೇಲೆ ತೆರೆಯಿತು. ಒಳಗಿಂದ ಬಂದ ವಾಸನೆ ಇನ್ನೂ ನೆನಪಿದೆ: ಹಸಿ ಮಣ್ಣು, ಬಾವಲಿ ಹಿಕ್ಕೆ, ಮತ್ತೆ ಎಂದೋ ನೆನೆಸಿಟ್ಟು ಮರೆತ ಅಕ್ಕಿಯ ವಾಸನೆ. ಗೋಡೆಗೆ ನೇತು ಹಾಕಿದ್ದ ಪಂಚಾಂಗಕ್ಕೆ ಹಸಿರು ಬೂಷ್ಟು. ತಮ್ಮ ಹೊಡೆಸಿದ ಪೇಂಟು ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಕೈಯಿಂದ ಒತ್ತಿದರೆ ಗುಳ್ಳೆ ಒಡೆದು ಒಳಗಿಂದ ಒದ್ದೆ ಮಣ್ಣು ಉದುರುತ್ತಿತ್ತು. ಮಣ್ಣಿನ ಗೋಡೆ ಮಳೆಗಾಲದಲ್ಲಿ ಶೀತ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಪ್ಲಾಸ್ಟಿಕ್ ಪೇಂಟು ಗೋಡೆಗೆ ರೈನ್‌ಕೋಟು ಹಾಕಿ ಗುಂಡಿ ಹಾಕಿದ ಹಾಗೆ, ಒಳಗಿನ ಬೆವರು ಒಳಗೇ. ಇದನ್ನು ಆಮೇಲೆ ನಮ್ಮೂರಿನ ಗಾರೆಯವರು ಹೇಳಿದ್ದು. ಮೊದಲೇ ಕೇಳಿದ್ದರೆ ಹದಿನೆಂಟು ಸಾವಿರ ಉಳಿಯುತ್ತಿತ್ತು.

ಗೋಡೆಯದ್ದು ಹೋಗಲಿ. ನಡುಮನೆಯ ಮೂಲೆಯಲ್ಲಿ ಒಂದು ಗೇಣಗಲ ಬೆಳಕು ಬೀಳುತ್ತಿತ್ತು. ಮೇಲೆ ನೋಡಿದರೆ ಹೆಂಚು ಒಂದು ಸರಿದಿದೆ. ಒಡೆದಿರಲಿಲ್ಲ, ಸರಿದಿತ್ತು ಅಷ್ಟೇ. ಮಂಗ ಹಾರಿದ್ದಿರಬೇಕು. ಆ ಒಂದು ಹೆಂಚಿನ ಸಂದಿಯಿಂದ ಮೃಗಶಿರದಿಂದ ಹಿಡಿದು ಉತ್ತರೆ ಮಳೆಯ ತನಕ ನೀರು ಬಿದ್ದಿದೆ. 2024ರ ಜುಲೈ ಮಳೆ ಹೇಗಿತ್ತೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ನೀರು ನೇರ ನೆಲಕ್ಕೆ ಬಿದ್ದಿದ್ದರೆ ಬದುಕಿದೆವು. ಅದು ಪಕಾಸಿ, ಅಂದರೆ ಮಾಡಿನ ಇಳಿಜಾರು ಮರ, ಹಿಡಿದುಕೊಂಡು ಇಳಿದು, ತೊಲೆಯ ತುದಿ ಗೋಡೆಯೊಳಗೆ ಕೂರುತ್ತದಲ್ಲ, ಅಲ್ಲಿ ನಿಂತಿದೆ. ನಾನು ಏಣಿ ಹತ್ತಿ ತೊಲೆಯ ತುದಿಗೆ ಬೆರಳು ಒತ್ತಿದೆ. ನೆನೆದ ಅವಲಕ್ಕಿಗೆ ಬೆರಳು ಇಟ್ಟ ಹಾಗೆ ಎರಡನೇ ಗೆಣ್ಣಿನ ತನಕ ಒಳಗೆ ಹೋಯಿತು. ಗೋಡೆಯ ಬುಡದಿಂದ ಅಲ್ಲಿಯವರೆಗೆ ವರಲೆ (ಗೆದ್ದಲು) ಮಣ್ಣಿನ ದಾರಿ ಕಟ್ಟಿತ್ತು. ಪೆನ್ಸಿಲ್ ದಪ್ಪದ, ನೇರವಾದ, ಗೆರೆ ಎಳೆದಂಥ ದಾರಿ. ಹಲಸಿನ ಕಂಬದ ಪಕ್ಕದಲ್ಲೇ ಹಾದುಹೋಗಿ ಕಂಬವನ್ನು ಮುಟ್ಟಿರಲಿಲ್ಲ. ಮೆತ್ತಗಿನ ಮರ ಯಾವುದೆಂದು ವರಲೆಗೆ ಗೊತ್ತು.

ತಂಗಿ ಜಗಲಿಯಲ್ಲಿ ಕೂತು ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಮ್ಮ ಒಬ್ಬಳೇ ಆ ಮನೆಯಲ್ಲಿ ಹತ್ತು ಮಳೆಗಾಲ ಕಳೆದಿದ್ದಾಳೆ. ಎಪ್ಪತ್ತೆಂಟರ ಮುದುಕಿ ಕಾಪಾಡಿದ್ದನ್ನು ನಾವು ಮೂರು ಜನ ಓದಿದವರು ಐದು ತಿಂಗಳಲ್ಲಿ ಕಳೆದಿದ್ದೆವು.

ಅದಾಗಿ ಒಂದು ತಿಂಗಳಿಗೆ ತಮ್ಮ ಫೋನಿನಲ್ಲಿ ಹುಡುಕಿದ ಒಬ್ಬರು ಮನೆ ನೋಡಲು ಬಂದರು. ನಾನು ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಹೋಗಿ ಗುಡಿಸಿ, ಬಾಳೆ ಎಲೆ ಕೊಯ್ದು, ಕಾಫಿಗೆ ಹಾಲು ತರಿಸಿ ಕಾದೆ. ಬಂದ ಮನುಷ್ಯ ಕೋಣೆ ಎಷ್ಟು ಎಂದು ಕೇಳಲಿಲ್ಲ. ಬಾವಿ ನೋಡಲಿಲ್ಲ. ಜೇಬಿನಿಂದ ಟೇಪು ತೆಗೆದು ಕಂಬದ ಸುತ್ತಳತೆ ಹಿಡಿದ. ಬಾಗಿಲನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿ ಕೊಟ್ಟು ಕೇಳಿದ, ಹಲಸಿನ ಹಣ್ಣು ಬಲಿತಿದೆಯೋ ಎಂದು ನೋಡುವ ಹಾಗೆ. ಹೆಬ್ಬಾಗಿಲ ದಾರಂದದ ಎದುರು ಬಹಳ ಹೊತ್ತು ನಿಂತ. ಅಜ್ಜಿಯ ಅಡಿಕೆ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿ, ‘ಇದೊಂದು ಡ್ಯಾಮೇಜು’ ಎಂದ. ಆಮೇಲೆ ಕಾಫಿ ಕುಡಿಯುತ್ತಾ ಲೆಕ್ಕ ಹೇಳಿದ: ‘ಮನೆಗೆ ರೇಟಿಲ್ಲ ಟೀಚರೇ. ಮರಮಟ್ಟಿಗೆ ಎರಡೂವರೆ ಕೊಡ್ತೀನಿ. ಬಿಚ್ಚೋ ಕೂಲಿ ನಮ್ದೇ. ಮಣ್ಣು ನಿಮಗೇ ಬಿಟ್ಟು ಹೋಗ್ತೀವಿ.’

ಆತನ ಮೇಲೆ ನನಗೆ ಕೋಪವಿಲ್ಲ. ವ್ಯಾಪಾರಿ ಕಂಡದ್ದನ್ನು ಹೇಳಿದ. ಆರು ತಿಂಗಳು ಮುಚ್ಚಿಟ್ಟ ಮನೆ ಕೊಳ್ಳುವವನ ಕಣ್ಣಿಗೆ ಸೌದೆ ರಾಶಿ. ಅದನ್ನು ಸೌದೆ ಮಾಡಿದವರು ನಾವು.

ರಾತ್ರಿ ತಮ್ಮನಿಗೆ ಫೋನು ಮಾಡಿ, ಮನೆ ರಿಪೇರಿ ಮಾಡಿಸೋಣ ಎಂದೆ. ‘ಹೆಂಗೂ ಮಾರೋ ಮನೆ ಅಕ್ಕಾ, ಅದಕ್ಕೆ ಯಾಕೆ ದುಡ್ಡು ಸುರೀತೀಯ?’ ಎಂದ. ಈ ಮಾತನ್ನು ಈಚೆಗೆ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಅದಕ್ಕೇ ಈ ಪತ್ರ. ನಾವು ಇರುವ ಮನೆಯಲ್ಲಿ ಹೆಂಚು ಸೋರಿದರೆ ಕೆಳಗೆ ಒಂದು ಪಾತ್ರೆ ಇಟ್ಟು ಒಂದು ವಾರ ತಳ್ಳಬಹುದು. ಖಾಲಿ ಮನೆಯಲ್ಲಿ ಪಾತ್ರೆ ಇಡುವವರು ಯಾರು? ಮಾರುವ ತನಕ ಆ ಮನೆಗೆ ಇರುವ ಮನೆಗಿಂತ ಹೆಚ್ಚು ಉಪಚಾರ ಬೇಕು. ಪೇಂಟಿನ ಉಪಚಾರವಲ್ಲ.

ಮೊದಲನೆಯದು ಹೊಗೆ. ನಗಬೇಡಿ. ಹಿಂದೆ ನಮ್ಮ ಬಚ್ಚಲು ಒಲೆ ದಿನವೂ ಉರಿಯುತ್ತಿತ್ತು, ಅಡುಗೆ ಮನೆಯ ಒಲೆಯೂ. ಆ ಹೊಗೆ ಪಕಾಸಿ ರೀಪುಗಳನ್ನು ಸುತ್ತಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಬಚ್ಚಲು ಮನೆಯ ಮಾಡಿನ ಮರ ನೋಡಿ, ಇಲ್ಲಣ ಹಿಡಿದು ಕರ್ರಗಿದ್ದರೂ ಕುಟ್ಟೆ ಹುಳದ ಒಂದು ತೂತು ಇರುವುದಿಲ್ಲ. ಗ್ಯಾಸು ಬಂದ ಮೇಲೆ ಅಡುಗೆ ಮನೆಯ ಮರಕ್ಕೆ ಕುಟ್ಟೆ ಬಂದದ್ದನ್ನು ಅಮ್ಮನೇ ತೋರಿಸಿದ್ದಳು. ಬೆಂಕಿ ಹಾಕಿದರೆ ಶೀತ ಆರುತ್ತದೆ, ಹುಳ ಸೇರುವುದಿಲ್ಲ, ಬಾವಲಿ ಜಾಗ ಬಿಡುತ್ತದೆ. ಮನೆಯಲ್ಲಿ ಜನ ಇದ್ದಾರೆಂದು ಊರಿಗೂ ಗೊತ್ತಾಗುತ್ತದೆ.

ಆದರೆ ಬೆಂಕಿ ಹಾಕುವವರು ಯಾರು? ಇಲ್ಲಿ ನಮ್ಮ ಮಲೆನಾಡಿನ ಒಂದು ಹಳೆಯ ಹೆದರಿಕೆ ಅಡ್ಡ ಬರುತ್ತದೆ. ಖಾಲಿ ಮನೆಗೆ ಇನ್ನೊಬ್ಬರನ್ನು ಬಿಟ್ಟುಕೊಂಡರೆ ನಾಳೆ ಅವರದೇ ಆಗಿಬಿಟ್ಟರೆ? ನಮ್ಮ ಮನೆಯ ಮಟ್ಟಿಗೆ ಇದು ತಮಾಷೆಯ ಹೆದರಿಕೆ. ಯಾಕೆಂದರೆ ಮನೆ ಇರುವ ತೋಟ ನಮಗೆ ಬಂದದ್ದೇ ಡಿಕ್ಲರೇಷನ್‌ನಲ್ಲಿ, ಅಂದರೆ ಗೇಣಿದಾರರಾಗಿ ಅರ್ಜಿ ಹಾಕಿ. ಮುಳುಗಡೆಯಿಂದ ಬಂದ ಅಜ್ಜ ಇಲ್ಲಿ ಗೇಣಿಗೆ ಮಾಡಿದವರು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಏಳನೇ ನಮೂನೆಯ ಅರ್ಜಿ ಹಾಕಿ ಅಪ್ಪ ಹಕ್ಕು ಪಡೆದರು. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆಯಲ್ಲಿ ಹುಟ್ಟಿ, ಆ ಕಾನೂನಿನ ಅನ್ನ ತಿಂದ ನಾವೇ ಪಕ್ಕದ ಮನೆಯವಳನ್ನು ಒಳಗೆ ಬಿಟ್ಟುಕೊಳ್ಳಲು ಆರು ತಿಂಗಳು ಯೋಚಿಸಿದೆವು! ಕೊನೆಗೆ ಛಾಪಾ ಕಾಗದದ ಮೇಲೆ, ಮನೆ ನೋಡಿಕೊಳ್ಳುವುದಕ್ಕೆ ತಿಂಗಳಿಗೆ ಎರಡು ಸಾವಿರ ಸಂಬಳ, ವಾಸದ ಹಕ್ಕಿಲ್ಲ, ಹನ್ನೊಂದು ತಿಂಗಳ ಕರಾರು ಎಂದು ಬರೆಸಿಕೊಂಡು ಹೋಗಿ ಆಕೆಯ ಮುಂದೆ ಇಟ್ಟೆ. ಓದಿ ನಕ್ಕಳು. ‘ನಿಮ್ಮನೆ ನಂಗೆ ಎಂತಕ್ಕೆ ಟೀಚರಮ್ಮಾ? ನಮ್ಮನೆ ಒಲೆ ಹಚ್ಚಕ್ಕೇ ನಂಗೆ ಪುರ್ಸೊತ್ತಿಲ್ಲ’ ಎಂದು ರುಜು ಹಾಕಿದಳು. ಅಂದಿನಿಂದ ವಾರಕ್ಕೆ ಎರಡು ದಿನ ಬಚ್ಚಲು ಒಲೆಗೆ ಬೆಂಕಿ, ಬಿಸಿಲಿದ್ದ ದಿನ ಎಲ್ಲ ಕಿಟಕಿ ತೆರೆಯುವುದು, ದೇವರ ಮನೆಯಲ್ಲಿ ಒಂದು ದೀಪ. ಕರಾರು ಬರೆಸಿದ್ದು ತಪ್ಪಲ್ಲ, ಎಲ್ಲರೂ ಬರೆಸಿ. ನಾಚಿಕೆ ನನಗಾದದ್ದು ತಡ ಮಾಡಿದ್ದಕ್ಕೆ.

ಹೆಂಚಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೆಂಚಿಗೆ ವರ್ಷಕ್ಕೊಮ್ಮೆ ಕೈಯಾಡಿಸಲೇಬೇಕು, ಅದೂ ರೋಹಿಣಿ ಮಳೆಗೆ ಮೊದಲು. 2025ರಲ್ಲಿ ಮೇ ಕೊನೆಯ ವಾರವೇ ಮಳೆ ಹಿಡಿದುಕೊಂಡಿತು, ಹಾಗಾಗಿ ಈಗ ನಾನು ಏಪ್ರಿಲ್ ದಾಟಿಸುವುದಿಲ್ಲ. ಹೆಂಚು ಹತ್ತುವವರು ಈಗ ಸಿಗುವುದಿಲ್ಲ. ನಮ್ಮ ಊರಿಗೆ ಬರುವ ಇಬ್ಬರಲ್ಲಿ ಒಬ್ಬರಿಗೆ ಅರವತ್ತೈದು. ಅವರು ಮಾಡಿನ ಮೇಲೆ ಬೆಕ್ಕಿನ ಹಾಗೆ ಪಕಾಸಿ ಇರುವ ಜಾಗದಲ್ಲೇ ಕಾಲಿಟ್ಟು ನಡೆಯುತ್ತಾರೆ. ಜೊತೆಗೆ ಬಂದ ಹುಡುಗ ಮೊದಲ ದಿನವೇ ಏಳು ಹೆಂಚು ಒಡೆದ. ಒಡೆದದ್ದಕ್ಕೆ ಪೇಟೆಯಿಂದ ಹೊಸ ಹೆಂಚು ತಂದರೆ ಕೂರಲಿಲ್ಲ. ನಮ್ಮದು ಹಳೇ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯ ಹೆಸರು ಒತ್ತಿದವೂ ನಾಲ್ಕಾರು ಇವೆ, ಅಜ್ಜ ಎಲ್ಲಿಂದಲೋ ಹಳೆಯದನ್ನೇ ತಂದಿರಬೇಕು. ಒಂದೊಂದು ಕಾರ್ಖಾನೆಯ ಹೆಂಚಿನ ಗಾಡಿ (ಪಕ್ಕದ ಹೆಂಚು ಕೂರುವ ತೋಡು) ಒಂದೊಂದು ಅಳತೆ. ಒಂದರ ತುಟಿ ಇನ್ನೊಂದರ ಗಾಡಿಗೆ ಕೂರದಿದ್ದರೆ ಗಾಳಿ ಮಳೆಗೆ ನೀರು ಹಿಂದಕ್ಕೆ ಹೊಡೆಯುತ್ತದೆ. ಕೊನೆಗೆ ಪಕ್ಕದ ಊರಿನಲ್ಲಿ ಬಿಚ್ಚಿದ ಒಂದು ಮನೆಯಿಂದ ಇನ್ನೂರು ಹೆಂಚು ಸಿಕ್ಕಿತು. ಆ ಮನೆಯವರು ಅಷ್ಟರಲ್ಲಾಗಲೇ ಅರ್ಧ ಲೋಡು ಹೆಂಚನ್ನು ಪುಡಿ ಮಾಡಿ ರಸ್ತೆಯ ಕೊರಕಲಿಗೆ ತುಂಬಿದ್ದರು. ಮನೆ ಬಿಚ್ಚುವವರು ದಯವಿಟ್ಟು ಹೆಂಚನ್ನು ರಸ್ತೆಗೆ ಹಾಕಬೇಡಿ, ಹತ್ತು ಮೈಲಿಯೊಳಗೆ ಯಾರೋ ಒಬ್ಬರು ಅದೇ ಅಚ್ಚಿನ ಹೆಂಚಿಗೆ ಹುಡುಕುತ್ತಿರುತ್ತಾರೆ. ನಾವು ಐವತ್ತು ಹೆಂಚನ್ನು ಕೊಟ್ಟಿಗೆಯಲ್ಲಿ ಪೇರಿಸಿಟ್ಟಿದ್ದೇವೆ, ಮನೆ ಕೊಳ್ಳುವವರಿಗೆ ಅದೂ ಸೇರಿ.

ಕೊಳೆತ ತೊಲೆಯನ್ನು ಪೂರ್ತಿ ತೆಗೆಯಬೇಕಾಗಬಹುದೆಂದು ಹೆದರಿದ್ದೆ. ಆಚಾರಿಯವರು ತುದಿಯ ಎರಡಡಿ ಕತ್ತರಿಸಿ, ಹೊನ್ನೆ ಮರದ ತುಂಡು ಜೋಡಿಸಿ, ಕೆಳಗೆ ಒಂದು ಕಲ್ಲಿನ ಆಸರೆ ಕೊಟ್ಟರು. ಮರಕ್ಕೆಲ್ಲ ಗೇರೆಣ್ಣೆ ಹಚ್ಚಿಸಿದೆವು. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಎಚ್ಚರ. ಕೆಟ್ಟ ಪೇಂಟನ್ನು ಹೆರೆಸಿ ಮತ್ತೆ ಸುಣ್ಣ. ತೋಟಕ್ಕೆ ಹೊಡೆಯುವ ಮೈಲುತುತ್ತವನ್ನೇ ಒಂದು ಹಿಡಿ ಸುಣ್ಣದ ನೀರಿಗೆ ಹಾಕಿದರೆ ಬೂಷ್ಟು ಬರುವುದಿಲ್ಲ. ಗೋಡೆ ಒಂದು ಚೂರು ನೀಲಿ ಹೊಡೆಯುತ್ತದೆ, ಅದೇ ಚಂದ. ಪಡುವಣ ಗೋಡೆಗೆ ಮಳೆಗಾಲಕ್ಕೆ ಮೊದಲು ಅಡಿಕೆ ದಬ್ಬೆ, ಸೋಗೆಯ ತಟ್ಟಿ ಕಟ್ಟಿಸಿದೆ. ಇರಚಲು ಹೊಡೆಯುವುದು ಆ ಕಡೆಯಿಂದಲೇ. ‘ಮನೆ ನೋಡೋಕೆ ಬಂದೋರು ಗುಡಿಸಲು ಅಂದ್ಕೋತಾರೆ’ ಎಂದ ತಮ್ಮ. ಅಂದುಕೊಳ್ಳಲಿ.

ಮನೆಯ ಹಿಂದಿನ ಧರೆ, ಅಂದರೆ ಗುಡ್ಡ ಕಡಿದ ದಿಣ್ಣೆ, ಇನ್ನೊಂದು. ಗುಡ್ಡ ಕಡಿದು ಮನೆ ಕಟ್ಟಿದವರೆಲ್ಲರ ಬೆನ್ನಿಗೂ ಒಂದು ಧರೆ ಇರುತ್ತದೆ. ಅದರ ನೆತ್ತಿಯಲ್ಲಿ ನೀರು ಬಳಸಿ ಹೋಗಲು ಒಂದು ಕಾಲುವೆ ಇರುತ್ತದೆ. ಅಮ್ಮ ಇದ್ದಾಗ ಪ್ರತಿ ವರ್ಷ ಅದರ ಎಲೆ ಕಸ ತೆಗೆಸುತ್ತಿದ್ದಳು. ನಮಗೆ ಅಂಥ ಕಾಲುವೆ ಇದೆಯೆಂದೇ ಮರೆತಿತ್ತು. ಅದು ಕಟ್ಟಿಕೊಂಡು, ನೀರು ಧರೆಯ ಮೇಲೆ ಇಳಿದು, ಬಚ್ಚಲಿನ ಹಿಂದೆ ಒಂದು ಗಾಡಿ ಮಣ್ಣು ಜಾರಿ ಗೋಡೆಗೆ ಆನಿಸಿಕೊಂಡಿತ್ತು. ವರಲೆ ಬಂದದ್ದೂ ಆ ಹಸಿ ಮಣ್ಣಿನಿಂದಲೇ. ಪಾಪ, ವರಲೆ ಔಷಧಿಯೆಂದು ಮೊದಲು ನಾನು ಹುಡುಕಿದ್ದೇ ಹುಡುಕಿದ್ದು. ಬಾವಿ ಹತ್ತಿರವಿರುವಲ್ಲಿ ಆ ವಿಷ ಸುರಿಯುವುದು ಬೇಡವೆಂದು ಆಚಾರಿಯವರೇ ತಡೆದರು. ಮಣ್ಣು ತೆಗೆಸಿ, ಕಾಲುವೆ ಬಿಡಿಸಿ, ದಾರಿ ಕೆರೆದು ಹಾಕಿದ ಮೇಲೆ ವರಲೆ ಮತ್ತೆ ಬಂದಿಲ್ಲ.

ಸಣ್ಣ ಪುಟ್ಟದ್ದು ಕೆಲವಿವೆ. ಪಾಯಿಖಾನೆಯ ಬುಡದಲ್ಲಿ ನಿಲ್ಲುವ ನೀರು ತಿಂಗಳು ಬಿಟ್ಟರೆ ಆರಿ, ಗುಂಡಿಯ ವಾಸನೆ, ಜಿರಳೆ ಎರಡೂ ಮನೆಯೊಳಗೆ ಬರುತ್ತವೆ. ಹೋದಾಗಲೆಲ್ಲ ಎರಡು ಚೊಂಬು ನೀರು ಹಾಕಿ. ಫ್ರಿಜ್ ಆರಿಸಿದ್ದರೆ ಬಾಗಿಲು ಮುಚ್ಚಬೇಡಿ, ನಡುವೆ ಒಂದು ಬಟ್ಟೆ ಸಿಕ್ಕಿಸಿ. ಕರೆಂಟಿನ ಮೀಟರ್ ಕಡಿಸಬೇಡಿ. ತಿಂಗಳ ಕನಿಷ್ಠ ಬಿಲ್ಲು ಉಳಿಸಲು ಹೋಗಿ, ಕೊಳ್ಳುವವರಿಗೆ ಪಂಪು ಓಡಿಸಿ ತೋರಿಸಲಾಗದೆ ಒದ್ದಾಡಿದವರನ್ನು ಕಂಡಿದ್ದೇನೆ. ಅಂಗಳದ ತರಗೆಲೆ ಬೇಸಿಗೆಯಲ್ಲೂ ಗುಡಿಸಿ. ಮಂಗನ ಕಾಯಿಲೆ ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡದ್ದು, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗು (ಉಣ್ಣೆ) ಇರುವುದು ತರಗಿನಲ್ಲೇ. ಮನೆ ನೋಡಲು ಬಂದವರಿಗೆ ಉಣುಗು ಹತ್ತಿಸಿ ಕಳಿಸಿದರೆ ಮತ್ತೆ ಬರುತ್ತಾರೆಯೇ?

ಮರದ ಬಾಗಿಲು, ಕಂಬ ಬಿಚ್ಚಿ ಸಾಗಿಸುವವರಿಗೂ ಒಂದು ಮಾತು. ಹಳೇ ಮರವಲ್ಲವೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಲಾರಿಗೆ ಏರಿಸಬೇಡಿ. ಬೀಟೆ ಇದ್ದರಂತೂ ಇನ್ನೂ ಎಚ್ಚರ.

ಕಾಗದ ಪತ್ರದ ಕಥೆ ಬೇರೆ. ಮನೆಗೆ ಸುಣ್ಣ ಬಳಿಯುವ ಹೊತ್ತಿನಲ್ಲೇ ಅದನ್ನೂ ಶುರು ಮಾಡಿ, ಯಾಕೆಂದರೆ ಸುಣ್ಣ ಬೇಗ ಒಣಗುತ್ತದೆ. ನಮ್ಮ ಪಹಣಿ ಅಪ್ಪನ ಹೆಸರಿನಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸುವಾಗ ತಮ್ಮ ತನ್ನೊಬ್ಬನ ಹೆಸರು ಸಾಕೆಂದುಕೊಂಡಿದ್ದ. ಕೆಟ್ಟ ಬುದ್ಧಿಯಿಂದಲ್ಲ, ಹಿಂದಿನಿಂದ ಹಾಗೇ ನಡೆದು ಬಂದಿದೆ ಎಂದು. ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರಲ್ಲೇ ಕಾನೂನು ಬಂದಿದೆ. ಕೊಳ್ಳುವವರ ವಕೀಲರು ಮೊದಲು ನೋಡುವುದೇ ಅಕ್ಕ ತಂಗಿಯರ ರುಜು ಇದೆಯೇ ಎಂದು. ವಂಶವೃಕ್ಷದಲ್ಲಿ ಮೂವರೂ ಬಂದೆವು, ಖಾತೆ ಜಂಟಿಯಾಯಿತು. ಅಪ್ಪನ ಕಾಲದ ಹತ್ತನೇ ನಮೂನೆ, ಅಂದರೆ ಗೇಣಿದಾರರಿಗೆ ಕೊಟ್ಟ ಹಕ್ಕುಪತ್ರ, ಅಮ್ಮನ ಟ್ರಂಕಿನಲ್ಲಿ ಮದುವೆ ಸೀರೆಯ ಅಡಿಯಲ್ಲಿ ಸಿಕ್ಕಿತು. ಹದಿನೈದು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಮುಗಿದು ಎಷ್ಟೋ ವರ್ಷವಾಗಿದ್ದರೂ ವಕೀಲರಿಗೆ ಆ ಕಾಗದವೇ ಬೇಕು. ಮನೆ ಇರುವುದು ಊರಿನ ವಸತಿ ಜಾಗವಾದ ಗ್ರಾಮಠಾಣಾದಲ್ಲಲ್ಲ, ತೋಟದ ಸರ್ವೆ ನಂಬರಿನಲ್ಲಿ. ನಾವು ಮಾರುವುದು ಮನೆ ಮತ್ತು ಮೂವತ್ತು ಗುಂಟೆ ಮಾತ್ರ, ಉಳಿದ ತೋಟ ತಂಗಿಗೆ. ಹಾಗೆ ನಂಬರಿನ ಒಂದು ಭಾಗ ಕೊಡಬೇಕಾದರೆ 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಇಲ್ಲದೆ ನೋಂದಣಿ ಆಗುವುದಿಲ್ಲ. ಅಳತೆಗೆ ಅರ್ಜಿ ಹಾಕಿ ಕಾಯುತ್ತಿದ್ದೇವೆ. ಗ್ರಾಮಠಾಣಾದಲ್ಲಿ ಮನೆ ಇರುವವರಿಗೆ ನಕ್ಷೆಯ ಬದಲು ಪಂಚಾಯಿತಿಯ ಇ-ಸ್ವತ್ತು ದಾಖಲೆ ಬೇಕು.

ಕೊಳ್ಳುವವರು ಯಾರು ಎಂದಿರಾ? 2020ರಲ್ಲಿ ಭೂಸುಧಾರಣೆ ಕಾನೂನಿನ 79ಎ, 79ಬಿ ಕಲಮು ತೆಗೆದ ಮೇಲೆ ಕೃಷಿಕರಲ್ಲದವರೂ ತೋಟ ಕೊಳ್ಳಬಹುದು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಕಡೆಯ ಸೇತುವೆ ತೆರೆದ ಮೇಲಂತೂ ನನಗೆ ಬರುವ ದಲ್ಲಾಳಿಗಳ ಫೋನು ಹೆಚ್ಚಾಗಿದೆ. ಬಂದವರಲ್ಲಿ ಒಬ್ಬರು ಅಂಗಳದ ನಡುವೆ ನಿಂತು ಮೊಬೈಲನ್ನು ದಿಕ್ಸೂಚಿ ಮಾಡಿ ಗರಗರ ತಿರುಗಿ, ಬಚ್ಚಲು ಮನೆ ಇರಬಾರದ ಕಡೆ ಇದೆ ಎಂದರು. ಬಚ್ಚಲು ಅಲ್ಲೇ ಇರುವುದರಿಂದ ತೋಟಕ್ಕೆ ನೀರು ತಾನಾಗಿ ಹೋಗುತ್ತದೆ ಎಂದೆ. ಅವರು ಮತ್ತೆ ಬರಲಿಲ್ಲ. ಇನ್ನೊಬ್ಬರಿಗೆ ಹೋಂಸ್ಟೇ ಮಾಡಬೇಕಿತ್ತು. ಎಂಟು ಅಟ್ಯಾಚ್ಡ್ ಬಾತ್‌ರೂಮ್ ಎಲ್ಲಿ ಕೂರಿಸುವುದೆಂದು ದೇವರ ಮನೆಯನ್ನೇ ಅಳೆದರು.

ಎಲ್ಲ ದಲ್ಲಾಳಿಗಳೂ ಮನೆಯನ್ನು ಜನವರಿಯಲ್ಲಿ ತೋರಿಸಿ ಎನ್ನುತ್ತಾರೆ. ಒಣ ಗಾಳಿ, ಅಂಗಳದಲ್ಲಿ ಅಡಿಕೆ, ಬೇಲಿಯ ಮೇಲೆ ಹೂವು. ನನಗೆ ಮನಸ್ಸು ಒಪ್ಪಲಿಲ್ಲ. ಕಳೆದ ಆಗಸ್ಟಿನಲ್ಲಿ, ಆಶ್ಲೇಷ ಮಳೆ ಹೊಡೆಯುತ್ತಿದ್ದಾಗ, ಆಸಕ್ತಿ ತೋರಿಸಿದ್ದ ಒಂದು ದಂಪತಿಗೆ ಈಗಲೇ ಬನ್ನಿ ಎಂದೆ. ತಮ್ಮ ಫೋನಿನಲ್ಲೇ ತಲೆ ಚಚ್ಚಿಕೊಂಡ. ಅವರು ಬಂದರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಹೆಂಡತಿಯ ತವರು ತೀರ್ಥಹಳ್ಳಿ ಕಡೆ. ಪಕ್ಕದ ಮನೆಯಾಕೆ ಬೆಳಿಗ್ಗೆಯೇ ಒಲೆ ಹಚ್ಚಿದ್ದಳು. ಹಂಡೆಯಲ್ಲಿ ನೀರು ಕಾದಿತ್ತು. ಮೆತ್ತಿನ ಮೇಲೆ ಒಂದು ಕಡೆ ಇನ್ನೂ ಹನಿ ಬೀಳುತ್ತಿತ್ತು, ಅದನ್ನು ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ತೊಲೆಗೆ ತುಂಡು ಜೋಡಿಸಿದ್ದನ್ನೂ, ಧರೆಯ ಕಾಲುವೆಯನ್ನೂ ತೋರಿಸಿದೆ. ಆಕೆ ಹನಿಯ ಕಡೆ ಹೆಚ್ಚು ನೋಡಲಿಲ್ಲ. ಬಚ್ಚಲಿನಲ್ಲಿ ಕಾಲು ತೊಳೆಯಲು ಬಿಸಿ ನೀರು ಹಾಕಿಕೊಂಡು, ‘ಎಷ್ಟು ವರ್ಷ ಆಗಿತ್ತು ಹಂಡೆ ನೀರು ಕಾಣದೆ’ ಎಂದರು. ಹೋಗುವಾಗ ಹೆಬ್ಬಾಗಿಲ ಹತ್ತಿರ ನಿಂತು ಆ ತಗ್ಗನ್ನು ನೋಡಿ, ಇದೇನು ಎಂದು ಕೇಳಿದರು. ಹೇಳಿದೆ.

ಜನವರಿಯಲ್ಲಿ ಮುಂಗಡ ಕೊಟ್ಟಿದ್ದಾರೆ. ಮರಮಟ್ಟಿನ ಬೆಲೆಗಲ್ಲ, ಮನೆಯ ಬೆಲೆಗೆ. ರಿಪೇರಿಗೆ ನನ್ನ ಕೈಬಿಟ್ಟದ್ದು ಎಂಬತ್ತಾರು ಸಾವಿರ ಚಿಲ್ಲರೆ, ತಮ್ಮ ತನ್ನ ಪಾಲು ಕೊಟ್ಟ, ಮಾತಾಡದೆ ಕೊಟ್ಟ. ಹಂಡೆಯನ್ನು ತಂಗಿ ಸಾಗರಕ್ಕೆ ಒಯ್ಯುವುದೆಂದು ಮೊದಲು ಮಾತಾಗಿತ್ತು. ಈಗ ಅದು ಅಲ್ಲೇ ಇರುತ್ತದೆ.

ನಕ್ಷೆ ಬಂದು ಕ್ರಯ ಆಗುವ ಹೊತ್ತಿಗೆ ಇನ್ನೊಂದು ಮಳೆಗಾಲ ಬಂದರೂ ಬಂದೀತು. ಹೆಂಚಿನವರು ಬರುವ ಭಾನುವಾರ ಬರುತ್ತೇನೆ ಎಂದಿದ್ದಾರೆ, ಹುಡುಗನನ್ನು ಕರೆತರುವುದಿಲ್ಲ ಎಂದೂ ಹೇಳಿದ್ದಾರೆ. ಆಯನೂರು, ರಿಪ್ಪನ್‌ಪೇಟೆ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ನಾನು ಹೊರಡಬೇಕು. ತಟ್ಟಿ ಕಟ್ಟಲು ಈ ಸಲ ಸೋಗೆ ಸಾಲದು, ಯಾರಾದರೂ ಕೊಡುವವರಿದ್ದರೆ ಪಕ್ಕದ ಮನೆಯಾಕೆಗೆ ತಿಳಿಸಿ ಎಂದು ಊರಿನವರಿಗೆ ಈ ಮೂಲಕವೇ ಹೇಳಿಬಿಡುತ್ತೇನೆ, ನಮ್ಮೂರಿನಲ್ಲಿ ನಿಮ್ಮ ಪತ್ರಿಕೆ ಮೂರು ಮನೆಗೆ ಬರುತ್ತದೆ.

ಇಂತಿ ನಿಮ್ಮ ಓದುಗಾರ್ತಿ,
ನಿವೃತ್ತ ಶಿಕ್ಷಕಿ,
ವಿನೋಬನಗರ, ಶಿವಮೊಗ್ಗ